ನಿನ್ನ ವರದಿಯನ್ನು ನಾನು ಓದಿದ ಬಗೆ

ಕುಮಟಾ
ಭಾನುವಾರ ಸಂಜೆ

ಚಿ. ಮಗಳಿಗೆ ಆಯಿಯ ಆಶೀರ್ವಾದಗಳು.

ನೀನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ, ಉರಿಮೂತ್ರಕ್ಕೆಂದು ಮಾಡಿಸಿದ ಮೂತ್ರ ಪರೀಕ್ಷೆಯ ವರದಿಯನ್ನು ನೋಡಿದೆ. ಫೋನ್ ಮಾಡಿದರೆ, ಹಾಸ್ಟೆಲಿನ ಕೋಣೆಯಲ್ಲಿ ಗೆಳತಿಯರಿದ್ದಾರೆಂದು ನೀನು ‘ಹೂಂ’, ‘ಇಲ್ಲ’ ಎಂಬ ಎರಡೇ ಮಾತಿನಲ್ಲಿ ಮುಗಿಸಿದೆ; ಆದ್ದರಿಂದ ಹೇಳಬೇಕಾದುದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತಾರು ವರ್ಷಗಳಿಂದ ಲ್ಯಾಬಿನಲ್ಲಿ ಕುಳಿತು ಊರವರ ಮೂತ್ರದ ಬಾಟಲಿಗಳಿಗೆ ಚೀಟಿ ಅಂಟಿಸುತ್ತ ಬಂದ ನನಗೆ ಈ ವಿಷಯದಲ್ಲಿ ನಾಚಿಕೆ ಎಂಬುದು ಯಾವತ್ತೋ ಹೋಗಿದೆ. ನಿನಗೂ ಹೋಗಲಿ ಎಂದೇ ಇಷ್ಟು ಉದ್ದದ ಪತ್ರ.

ಬಹಳ ಮಂದಿ ವರದಿಯನ್ನು ಕೆಳಗಿನಿಂದ ಓದುತ್ತಾರೆ. ಪಸ್ ಸೆಲ್ಸ್, ಅಂದರೆ ಸೋಂಕಿದ್ದಾಗ ಹೆಚ್ಚುವ ಬಿಳಿ ರಕ್ತಕಣಗಳು, ಎಷ್ಟಿದೆ ಎಂದು ನೋಡಿ ಹೆದರುತ್ತಾರೆ. ನಾನು ಮೊದಲು ನೋಡಿದ್ದು ಸ್ಪೆಸಿಫಿಕ್ ಗ್ರ್ಯಾವಿಟಿಯನ್ನು, ಅಂದರೆ ಮೂತ್ರ ನೀರಿಗಿಂತ ಎಷ್ಟು ಭಾರವಾಗಿದೆ ಎಂಬ ಲೆಕ್ಕವನ್ನು. ಬರಿಯ ನೀರಿನದು 1.000. ಚೆನ್ನಾಗಿ ನೀರು ಕುಡಿಯುವವರದು 1.010ರ ಆಸುಪಾಸಿನಲ್ಲಿರುತ್ತದೆ. ನಿನ್ನದು 1.030, ಬಣ್ಣ ಗಾಢ ಹಳದಿ. ಮೂತ್ರಪಿಂಡ ತನ್ನ ಶಕ್ತಿಯ ಮಿತಿಯ ಹತ್ತಿರದವರೆಗೂ ನೀರನ್ನು ಹಿಂಡಿ ಉಳಿಸಿಕೊಂಡಾಗ ಬರುವ ಅಂಕಿ ಅದು. ನೀನು ಬೆಳಿಗ್ಗೆಯಿಂದ ನೀರು ಮುಟ್ಟಿಲ್ಲವೆಂಬುದು ನೀನು ಹೇಳುವ ಮೊದಲೇ ನನಗೆ ತಿಳಿಯಿತು.

ಮೂತ್ರಪಿಂಡ ಎಂದ ಕೂಡಲೇ ಲ್ಯಾಬಿಗೆ ಬರುವ ಅರ್ಧ ಜನ ಹೊಕ್ಕುಳ ಕೆಳಗೆ ಕೈಯಿಡುತ್ತಾರೆ. ಅದು ಅಲ್ಲಿಲ್ಲ. ಬೆನ್ನುಮೂಳೆಯ ಎರಡೂ ಬದಿಗೆ, ಕರುಳುಗಳೆಲ್ಲದರ ಹಿಂದೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ ಒಂದೊಂದಿದೆ. ಮೇಲೆ ಯಕೃತ್ತು ಕುಳಿತಿರುವುದರಿಂದ ಬಲಗಡೆಯದು ತುಸು ಕೆಳಗಿರುತ್ತದೆ. ಉದ್ದ ಸುಮಾರು 11 ಸೆಂಟಿಮೀಟರ್, ತೂಕ ಸುಮಾರು 150 ಗ್ರಾಂ. ಎರಡನ್ನೂ ಕೂಡಿಸಿದರೆ ಮೈತೂಕದ ನೂರರಲ್ಲಿ ಅರ್ಧ ಪಾಲಷ್ಟೇ ಆಗುತ್ತದೆ. ಆದರೂ ಹೃದಯ ಪ್ರತಿ ನಿಮಿಷ ಹೊರಗೆ ತಳ್ಳುವ ಸುಮಾರು 5 ಲೀಟರ್ ರಕ್ತದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಈ ಎರಡು ಪಿಂಡಗಳಿಗೇ ಹೋಗುತ್ತದೆ.

ಒಂದೊಂದರಲ್ಲಿಯೂ ರಕ್ತವನ್ನು ಸೋಸುವ ಸುಮಾರು 10 ಲಕ್ಷ ಸಣ್ಣ ಕೊಳವೆಗಳು, ಅಂದರೆ ನೆಫ್ರಾನ್‌ಗಳಿವೆ. ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಉಂಡೆಯಿದೆ, ಅದು ಗ್ಲೋಮೆರುಲಸ್. ಅದನ್ನು ಸುತ್ತಿದ ಬಟ್ಟಲಿನಂಥ ಕೋಶಕ್ಕೆ, 1842ರಲ್ಲಿ ಅದನ್ನು ವಿವರಿಸಿದ ವಿಲಿಯಂ ಬೋಮನ್ ಅವರ ಹೆಸರೇ ಇದೆ. ರಕ್ತದ ಒತ್ತಡಕ್ಕೆ ಆ ಉಂಡೆಯಿಂದ ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲವೂ ಬಟ್ಟಲಿಗೆ ಸೋರುತ್ತವೆ. ರಕ್ತಕಣಗಳು ಮತ್ತು ದೊಡ್ಡ ಪ್ರೋಟೀನುಗಳು ಮಾತ್ರ ಒಳಗೇ ಉಳಿಯುತ್ತವೆ. ಹೀಗೆ ಸೋರುವುದು ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ದಿನಕ್ಕೆ 180 ಲೀಟರ್. ನಮ್ಮ ಬಾವಿಕಟ್ಟೆಯ ಮೇಲಿನ ಕೊಡ 15 ಲೀಟರ್ ಹಿಡಿಯುತ್ತದೆ ಎಂದುಕೊಂಡರೆ ಹನ್ನೆರಡು ಕೊಡ. ಹೊರಗೆ ಹೋಗುವುದು ಒಂದೂವರೆ ಲೀಟರ್ ಮಾತ್ರ. ಉಳಿದದ್ದೆಲ್ಲ ರಕ್ತಕ್ಕೇ ಮರಳುತ್ತದೆ.

ಇಷ್ಟು ಚೆಲ್ಲಿ ಮತ್ತೆ ತುಂಬಿಕೊಳ್ಳುವ ದುಂದುಗಾರಿಕೆ ಯಾಕೆ ಎಂದು ಲ್ಯಾಬ್ ತರಬೇತಿಯ ದಿನಗಳಲ್ಲಿ ನನಗೂ ಅನಿಸಿತ್ತು. ದೀಪಾವಳಿಗೆ ಮುಂಚೆ ನಾವು ಅಟ್ಟ ತೆಗೆಯುವುದನ್ನು ನೆನಪಿಸಿಕೋ. ಕಸವನ್ನು ಹುಡುಕಿ ಹೆಕ್ಕುವುದಿಲ್ಲ. ಎಲ್ಲವನ್ನೂ ಜಗಲಿಗೆ ಇಳಿಸಿ, ಬೇಕಾದುದನ್ನಷ್ಟೇ ಮೇಲಕ್ಕೇರಿಸುತ್ತೇವೆ. ಮೂತ್ರಪಿಂಡವೂ ಕಸವನ್ನು ಗುರುತಿಸುವ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ, ಬೇಕಾದುದನ್ನು ಗುರುತಿಸುತ್ತದೆ. ಆದ್ದರಿಂದಲೇ ದೇಹ ಹಿಂದೆಂದೂ ಕಾಣದ ಎಷ್ಟೋ ಔಷಧಿಗಳೂ ಮೂತ್ರದಲ್ಲಿ ಹೊರಗೆ ಹೋಗುತ್ತವೆ. ನೆಫ್ರಾನಿನ ಮೊದಲ ಸುರುಳಿಯಲ್ಲಿಯೇ ನೀರಿನ ಮೂರರಲ್ಲಿ ಎರಡು ಪಾಲು ಮತ್ತು ಸಕ್ಕರೆ ಪೂರ್ತಿಯಾಗಿ ವಾಪಸ್ಸಾಗುತ್ತವೆ. ರಕ್ತದ ಸಕ್ಕರೆ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮಾತ್ರ ಆ ಸುರುಳಿಗೆ ಎತ್ತಿಕೊಳ್ಳಲು ಕೈ ಸಾಲದೆ ಮೂತ್ರದಲ್ಲಿ ಸಕ್ಕರೆ ಕಾಣುತ್ತದೆ. ನಿನ್ನ ವರದಿಯಲ್ಲಿ ಅದು ಇಲ್ಲ.

ನಿನ್ನ 1.030 ಹುಟ್ಟಿದ್ದು ಇದರ ಮುಂದಿನ ಭಾಗದಲ್ಲಿ. ಸುರುಳಿ ಅಲ್ಲಿಂದ ಪಿಂಡದ ಒಳತಿರುಳಿಗೆ ಇಳಿದು, ತಿರುಗಿ ಮೇಲಕ್ಕೇರುತ್ತದೆ. ಅದಕ್ಕೆ ಹೆನ್ಲೆಯ ಕುಣಿಕೆ ಎನ್ನುತ್ತಾರೆ. ಮೇಲೇರುವ ಕಾಲು ನೀರನ್ನು ಬಿಡದೆ ಉಪ್ಪನ್ನು ಮಾತ್ರ ಹೊರಗೆ ಹಾಕುತ್ತ ಹೋಗುವುದರಿಂದ ತಿರುಳಿನ ಆಳದಲ್ಲಿ ಉಪ್ಪು ಮತ್ತು ಯೂರಿಯಾ ಸೇರಿ, ರಕ್ತಕ್ಕಿಂತ ನಾಲ್ಕು ಪಟ್ಟು ಗಾಢವಾಗುತ್ತದೆ. ಕೊನೆಯಲ್ಲಿ ಮೂತ್ರವನ್ನು ಕೂಡಿಸಿ ಒಯ್ಯುವ ನಾಳ ಈ ಉಪ್ಪಿನ ನಡುವೆಯೇ ಹಾದು ಹೋಗಬೇಕು. ಆಮೇಲೆ ಏನಾಗುತ್ತದೆ ಎಂಬುದನ್ನು ನೀನು ಪ್ರತಿ ವರ್ಷ ಅಡುಗೆಮನೆಯಲ್ಲಿ ನೋಡಿದ್ದೀಯ. ಅಪ್ಪೆಮಿಡಿಯನ್ನು ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಎಂದು ಹಾಕುವಾಗ ಒಂದು ಹನಿ ನೀರನ್ನೂ ಹಾಕುವುದಿಲ್ಲ, ಕೈಯೂ ಒಣಗಿರಬೇಕೆಂದು ಅಜ್ಜಿ ನಿನ್ನನ್ನು ಗದರುತ್ತಿದ್ದರು. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ಮಿಡಿ ಮುರುಟಿ, ತನ್ನದೇ ನೀರಿನಲ್ಲಿ ತಾನು ಮುಳುಗಿರುತ್ತದೆ. ಉಪ್ಪು ನೀರನ್ನು ಎಳೆಯಿತು. ನಾಳದೊಳಗಿನ ಮೂತ್ರದಿಂದಲೂ ಉಪ್ಪು ನೀರನ್ನು ಹಾಗೆಯೇ ಎಳೆಯುತ್ತದೆ.

ವ್ಯತ್ಯಾಸ ಒಂದೇ: ಮಿಡಿಯ ಸಿಪ್ಪೆಗೆ ಬಾಗಿಲಿಲ್ಲ, ನಾಳಕ್ಕೆ ಇದೆ. ರಕ್ತ ಗಾಢವಾದದ್ದು ಮಿದುಳಿಗೆ ತಿಳಿದ ಕೂಡಲೇ ಪಿಟ್ಯುಟರಿ ಗ್ರಂಥಿಯಿಂದ ಎಡಿಎಚ್ ಎಂಬ ಹಾರ್ಮೋನು ಬಂದು, ನಾಳದ ಗೋಡೆಯಲ್ಲಿ ಅಕ್ವಾಪೋರಿನ್ ಎಂಬ ನೀರಿನ ಕಂಡಿಗಳನ್ನು ಹೆಚ್ಚಿಸುತ್ತದೆ. ಈ ಕಂಡಿಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ನೀನು ಎರಡು ಲೋಟ ನೀರು ಕುಡಿದರೆ ಹಾರ್ಮೋನು ಇಳಿಯುತ್ತದೆ, ಕಂಡಿಗಳು ಕಡಿಮೆಯಾಗುತ್ತವೆ, ಮೂತ್ರ ತಿಳಿಯಾಗುತ್ತದೆ. ಆದರೆ ಹಿಂಡುವ ಈ ಶಕ್ತಿಗೂ ಮಿತಿ ಇದೆ. ಒಂದು ಲೀಟರ್ ಸಮುದ್ರದ ನೀರನ್ನು ಕುಡಿದರೆ ಅದರ ಉಪ್ಪನ್ನೂ ದೇಹದ ಯೂರಿಯಾವನ್ನೂ ಹೊರಹಾಕಲು ಸುಮಾರು ಒಂದೂವರೆ ಲೀಟರ್ ಮೂತ್ರ ಬೇಕಾಗುತ್ತದೆ. ಸುತ್ತಲೂ ನೀರಿದ್ದರೂ ದೋಣಿಯವರು ಕ್ಯಾನುಗಳಲ್ಲಿ ಸಿಹಿನೀರು ತುಂಬಿಕೊಂಡು ಹೋಗುವುದು ಅದಕ್ಕೇ.

ಅಜ್ಜಿಯ ವಿಷಯವನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಅವರು ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಬುಟ್ಟಿ ಹೊರುತ್ತಿದ್ದ ಕಾಲದಲ್ಲಿ, ಬಯಲಿನಲ್ಲಿ ಹೆಂಗಸರಿಗೆ ಮರೆಯೆಂಬುದೇ ಇರಲಿಲ್ಲ. ಬೆಳಕು ಹರಿಯುವ ಮೊದಲು ಹೊರಟರೆ ಮನೆಗೆ ಮರಳುವವರೆಗೂ ಹೋಗುವಂತಿಲ್ಲ, ಹೋಗುವಂತಿಲ್ಲವಾದ್ದರಿಂದ ಕುಡಿಯುವಂತಿಲ್ಲ. ಉಪ್ಪು ಎತ್ತುವುದು ಬೇಸಿಗೆಯಲ್ಲಿ. ನೀರೆಲ್ಲ ಬೆವರಾಗಿ ಹೋಗಿ, ಉಳಿದ ಸ್ವಲ್ಪ ಮೂತ್ರದಲ್ಲಿ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಕರಗಿರಲಾರದೆ ಹರಳುಗಟ್ಟುತ್ತವೆ. ನಾನು ಮದುವೆಯಾಗಿ ಬಂದ ಮರುವರ್ಷ, ಒಂದು ರಾತ್ರಿ ಅವರು ಎಡಬೆನ್ನಿನಿಂದ ತೊಡೆಸಂದಿಯವರೆಗೆ ನೋವೆಂದು ನೆಲದ ಮೇಲೆ ಉರುಳಾಡಿದರು. ಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ 25ರಿಂದ 30 ಸೆಂಟಿಮೀಟರ್ ಉದ್ದದ್ದು, ಕೆಲವೇ ಮಿಲಿಮೀಟರ್ ಅಗಲದ್ದು. ಅದು ಮೂತ್ರವನ್ನು ಸುಮ್ಮನೆ ಸುರಿಯಬಿಡುವುದಿಲ್ಲ, ಅಲೆ ಅಲೆಯಾಗಿ ಹಿಂಡಿ ಕೆಳಗೆ ದೂಡುತ್ತದೆ. ಕಲ್ಲು ಸಿಕ್ಕಿಕೊಂಡಾಗ ಆ ಹಿಂಡುವಿಕೆಯೇ ಅಲೆ ಅಲೆಯಾದ ನೋವಾಗುತ್ತದೆ. ಮರುದಿನ ಅವರ ಮೂತ್ರವನ್ನು ನಾನೇ ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕುಳಿತದ್ದರ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಿದೆ. ಅಂಚೆಯ ಲಕೋಟೆಯ ಹಿಂಬದಿಯಂತೆ, ಚೌಕದೊಳಗೆ ಅಡ್ಡಗೆರೆ ಎಳೆದ ಹರಳುಗಳು ರಾಶಿಯಾಗಿದ್ದವು.

ನಾಲ್ಕನೆಯ ದಿನ ಕಲ್ಲು ತಾನಾಗಿ ಬಿತ್ತು. ಅಕ್ಕಿಯ ನುಚ್ಚಿನಷ್ಟಿದ್ದ, ಮುಳ್ಳುಮುಳ್ಳಾದ ಕಂದು ಚೂರು. ಅದನ್ನು ಅವರು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು. ಬಾಳೆದಿಂಡಿನ ರಸ ಮತ್ತು ಹುರಳಿ ಕಟ್ಟು ಕರಗಿಸಿತೆಂದು ಅವರ ವಾದ. ಅಷ್ಟು ಚಿಕ್ಕ ಕಲ್ಲುಗಳು ಹೆಚ್ಚಾಗಿ ತಾವೇ ಬೀಳುತ್ತವೆ, ಅವುಗಳ ಜೊತೆ ಕುಡಿದ ಚೊಂಬು ಚೊಂಬು ನೀರು ಸಹಾಯ ಮಾಡಿತು ಎಂದು ನನ್ನ ವಾದ. ಅವರಿರುವವರೆಗೂ ನಾನು ಈ ವಾದದಲ್ಲಿ ಗೆಲ್ಲಲಿಲ್ಲ.

ಈಗ ನಿನ್ನ ಪಸ್ ಸೆಲ್ಸ್‌ಗೆ ಬರುತ್ತೇನೆ. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಐದರೊಳಗೆ ಇರಬೇಕಾದದ್ದು ನಿನ್ನದರಲ್ಲಿ ಇಪ್ಪತ್ತರ ಮೇಲಿದೆ, ಮೂತ್ರದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಇ. ಕೊಲೈ ಬೆಳೆದಿದೆ. ಅದು ನಮ್ಮ ಕರುಳಿನಲ್ಲೇ ವಾಸಿಸುವ ಬ್ಯಾಕ್ಟೀರಿಯಾ. ಮೂತ್ರಕೋಶದಿಂದ ಹೊರಗಿನ ದಾರಿ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಇದ್ದರೆ ನಮ್ಮಲ್ಲಿ 4 ಮಾತ್ರ, ಅದೂ ಗುದದ್ವಾರಕ್ಕೆ ಹತ್ತಿರ. ಆದ್ದರಿಂದ ಉರಿಮೂತ್ರ ಬಂದರೆ ಅದು ಯಾರ ನಡತೆಯ ಮಾತೂ ಅಲ್ಲ, ದೇಹದ ರಚನೆಯ ಮಾತು. ಇದನ್ನು ಹಾಸ್ಟೆಲಿನಲ್ಲಿ ಯಾರಾದರೂ ಬೇರೆ ರೀತಿ ಆಡಿದರೆ ಹೇಳು.

ವರದಿಯಲ್ಲಿ ನೈಟ್ರೈಟ್ ಪಾಸಿಟಿವ್ ಎಂದು ಇನ್ನೊಂದು ಸಾಲಿದೆ, ನೀನು ಅದನ್ನು ಗಮನಿಸಿರಲಾರೆ. ಮೂತ್ರದಲ್ಲಿ ಸಹಜವಾಗಿಯೇ ಇರುವ ನೈಟ್ರೇಟನ್ನು ಈ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ. ಅದು ಮೂತ್ರದಲ್ಲಿ ಅದ್ದಿ ನೋಡುವ ಪರೀಕ್ಷಾ ಪಟ್ಟಿಯಲ್ಲಿ ಚೆನ್ನಾಗಿ ಕಾಣಬೇಕಾದರೆ ಮೂತ್ರ ಕೋಶದಲ್ಲಿ ಸುಮಾರು 4 ಗಂಟೆ ನಿಂತಿರಬೇಕು. ನೀನು ಕೊಟ್ಟದ್ದು ಮಧ್ಯಾಹ್ನದ ಮಾದರಿ. ಅಂದರೆ ನೀನು ನೀರು ಬಿಟ್ಟದ್ದಷ್ಟೇ ಅಲ್ಲ, ಬೆಳಿಗ್ಗೆಯಿಂದ ತಡೆದುಕೊಂಡೂ ಇದ್ದೆ. ಕೋಶದಲ್ಲಿ 150ರಿಂದ 250 ಮಿಲಿಲೀಟರ್ ಸೇರಿದಾಗಲೇ ಗೋಡೆಯ ನರಗಳು ಮೊದಲ ಸೂಚನೆ ಕೊಡುತ್ತವೆ. ಹೊರಗಿನ ಸ್ನಾಯುವನ್ನು ಬಿಗಿಹಿಡಿದು ಮಿದುಳು ಅದನ್ನು ಮುಂದೂಡಬಹುದು, 400-500ರವರೆಗೂ ಹಿಡಿಯಬಹುದು. ಅನುಕೂಲ ಸಿಕ್ಕಿದರೆ ಇ. ಕೊಲೈ ಸುಮಾರು 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗಬಲ್ಲದು. ಅದನ್ನು ಹೊರಗೆ ತೊಳೆಯುವುದು ಮೂತ್ರದ ಹರಿವೇ. ಹರಿವನ್ನು ಬೆಳಿಗ್ಗೆ ಏಳರಿಂದ ಒಂದರವರೆಗೆ ನಿಲ್ಲಿಸಿದರೆ ಲೆಕ್ಕ ನೀನೇ ಹಾಕು.

ನನಗೆ ಸಮಾಧಾನ ತಂದದ್ದು ‘ಕಾಸ್ಟ್ ಇಲ್ಲ’ ಎಂಬ ಸಾಲು. ಸೋಂಕು ಮೂತ್ರನಾಳವನ್ನೇರಿ ಪಿಂಡಕ್ಕೆ ಮುಟ್ಟಿದ್ದರೆ ನೆಫ್ರಾನಿನ ಕೊಳವೆಯಲ್ಲಿಯೇ ಬಿಳಿಕಣಗಳು ಅಚ್ಚುಗಟ್ಟಿ, ಕಡ್ಡಿಯ ಆಕಾರದಲ್ಲಿ ಕಾಣಸಿಗಬಹುದಿತ್ತು. ನಿನಗೆ ಜ್ವರವಿಲ್ಲ, ಬೆನ್ನುನೋವೂ ಇಲ್ಲ. ಚಳಿಜ್ವರ, ವಾಂತಿ, ಪಕ್ಕೆಯ ಹಿಂದೆ ನೋವು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಡಾಕ್ಟರರ ಹತ್ತಿರ ಹೋಗು, ನನ್ನ ಫೋನಿಗೆ ಕಾಯಬೇಡ. ಉರಿ ಎರಡು ದಿನಕ್ಕೆ ನಿಂತರೂ ಮಾತ್ರೆಗಳನ್ನು ಅವರು ಬರೆದಷ್ಟು ದಿನ ಪೂರ್ತಿ ನುಂಗು. ಮುಟ್ಟಿನ ಹೊಟ್ಟೆನೋವಿಗೆಂದು ನೀನು ಚೀಲದಲ್ಲಿಟ್ಟುಕೊಂಡ ನೋವಿನ ಮಾತ್ರೆಯನ್ನು ನೀರು ಕುಡಿಯದ ದಿನ ತೆಗೆದುಕೊಳ್ಳಬೇಡ. ರಕ್ತ ಕಡಿಮೆಯಾದಾಗ ಪಿಂಡ ತನ್ನ ಒಳನಾಳಗಳನ್ನು ಹಿಗ್ಗಿಸಿಕೊಂಡು ನಿಭಾಯಿಸುವುದನ್ನು ಆ ಮಾತ್ರೆಗಳು ತಡೆಯುತ್ತವೆ.

ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ನೀರು ಬರುವುದಿಲ್ಲ ಎಂಬುದನ್ನು ವಾರ್ಡನ್ನರಿಗೆ ಬರೆದುಕೊಡಿ, ಬರಿ ಬಾಯಲ್ಲಿ ಹೇಳಬೇಡಿ. ನಿಮ್ಮ ಮಹಡಿಯ ಹುಡುಗಿಯರೆಲ್ಲ ಸಹಿ ಹಾಕಿ. ಇಬ್ಬರು ಮೂವರಿಗಾದರೂ ನಿನ್ನಂತೆಯೇ ಆಗಿರುತ್ತದೆ, ಕೇಳಿ ನೋಡು.

ಮುಂದಿನ ಶನಿವಾರ ಬರುವಾಗ ಹುಬ್ಬಳ್ಳಿಯಲ್ಲಿ ಬಸ್ ಹತ್ತುವ ಮೊದಲು ನೀರಿನ ಬಾಟಲಿ ತುಂಬಿಸಿಕೋ. ಯಲ್ಲಾಪುರದಲ್ಲಿ ಬಸ್ಸು ಚಹಕ್ಕೆ ನಿಲ್ಲುತ್ತದೆ. ಕಂಡಕ್ಟರರಿಗೆ ಹೇಳಿಯೇ ಇಳಿದು ಹೋಗಿ ಬಾ, ಅಲ್ಲಿಂದ ಅರಬೈಲ್ ಘಟ್ಟ ಇಳಿದು ಅಂಕೋಲೆ ಸೇರುವವರೆಗೆ ತಡೆದುಕೊಂಡು ಕೂರಬೇಡ. ಭಾನುವಾರ ಬೆಳಿಗ್ಗೆ ಏಳುತ್ತಲೇ, ಮೊದಲ ಧಾರೆ ಬಿಟ್ಟು, ನಡುಧಾರೆಯ ಮಾದರಿ ಹಿಡಿದುಕೊಡು. ಬಾಟಲಿ ಬಚ್ಚಲಮನೆಯ ಗೂಡಿನಲ್ಲಿಟ್ಟಿರುತ್ತೇನೆ, ನಾನೇ ನೋಡುತ್ತೇನೆ.

ನಿನ್ನ
ಆಯಿ