ಸೈಕಲ್ ಪತ್ರಿಕೆಯನ್ನು ತೆರೆದು ನೋಡಿ ತೀರ್ಮಾನಿಸಿ

ಮಾನ್ಯ ಸಂಪಾದಕರೇ,

ಕುವೆಂಪುನಗರದಲ್ಲಿ ನಿವಾಸಿಗಳೇ ಕೂಡಿ ನಡೆಸುತ್ತಿರುವ ನಮ್ಮ ವಾಚನಾಲಯದ ಹದಿಹರೆಯದವರ ವಿಭಾಗಕ್ಕೆ ಬಿಎಂಎಕ್ಸ್ ಸೈಕಲ್ ಸವಾರಿಯ ಇಂಗ್ಲಿಷ್ ಪತ್ರಿಕೆಯೊಂದನ್ನು ತರಿಸುವ ಯೋಚನೆಯನ್ನು ಆಕ್ಷೇಪಿಸಿ ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಪತ್ರವೊಂದು ಪ್ರಕಟವಾಗಿತ್ತು. ಅದನ್ನು ‘ಸರ್ಕಸ್ ಕಲಿಸುವ ಪುಸ್ತಕ’ ಎಂದು ಕರೆದಿರುವ ಪತ್ರಲೇಖಕರು, ಇಂಥದ್ದನ್ನು ಓದಿದ ಹುಡುಗರು ನಾಳೆ ರಿಂಗ್ ರಸ್ತೆಯಲ್ಲಿ ವೀಲಿಂಗ್‌ಗೆ ಇಳಿಯುತ್ತಾರೆಂದೂ ಸಾರ್ವಜನಿಕರ ಹಣ ಪೋಲಾಗುತ್ತದೆಂದೂ ಬರೆದಿದ್ದಾರೆ. ಆ ಪತ್ರಿಕೆಯನ್ನು ಪರಿಶೀಲಿಸಿ ವಾಚನಾಲಯದ ಸಮಿತಿಗೆ ವರದಿ ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ, ನಾನು ಕಂಡದ್ದನ್ನು ತಮ್ಮ ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ವಿದೇಶದಲ್ಲಿ ನೆಲೆಸಿರುವ ನಮ್ಮ ಬಡಾವಣೆಯವರೊಬ್ಬರು ರಜೆಗೆ ಬಂದಾಗ ಆರು ಹಳೆಯ ಸಂಚಿಕೆಗಳನ್ನು ಮಾದರಿಗೆಂದು ತಂದುಕೊಟ್ಟಿದ್ದರು. ಎರಡು ವಾರ ಕೂತು ಆರನ್ನೂ, ಜಾಹೀರಾತು ಸಮೇತ, ಒಂದು ಪುಟವೂ ಬಿಡದೆ ಓದಿದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನಿಗೆ ಇಂಥ ಓದು ಒದಗೀತೆಂದು ನಾನಂತೂ ಎಣಿಸಿರಲಿಲ್ಲ.

ವೀಲಿಂಗ್‌ನ ಭಯವನ್ನು ನಾನು ಅಲ್ಲಗಳೆಯುವುದಿಲ್ಲ; ಬೆಳಗಿನ ವಾಯುವಿಹಾರಕ್ಕೆ ಹೋಗುವ ನಮ್ಮಂಥವರ ಪಕ್ಕದಲ್ಲೇ ಸ್ಕೂಟರಿನ ಮುಂದಿನ ಚಕ್ರ ಎತ್ತಿಕೊಂಡು ಹಾರಿಹೋಗುವ ಹುಡುಗರನ್ನು ಕಂಡು ಎದೆ ಝಲ್ಲೆಂದದ್ದುಂಟು. ಆದರೆ ಬಿಎಂಎಕ್ಸ್ ಎಂಬುದು ಬೇರೆಯೇ ಜಾತಿಯದು. 1970ರ ಆಸುಪಾಸಿನಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಮಕ್ಕಳು, ಮೋಟಾರ್ ಬೈಕ್ ಕೊಳ್ಳಲಾಗದೆ, ಮೋಟೋಕ್ರಾಸ್ (ಮಣ್ಣಿನ ಹಾದಿಯ ಮೋಟಾರ್ ಬೈಕ್ ರೇಸ್) ಸವಾರರನ್ನು ಅನುಕರಿಸುತ್ತಾ ತಮ್ಮ ಪುಟ್ಟ ಸೈಕಲ್‌ಗಳನ್ನೇ ಮಣ್ಣುದಿಬ್ಬಗಳ ಮೇಲೆ ಓಡಿಸಿದ್ದರಿಂದ ಹುಟ್ಟಿದ ಆಟವಿದು. ಬೈಸಿಕಲ್ ಮೋಟೋಕ್ರಾಸ್ ಎಂಬುದೇ ಅದರ ಪೂರ್ಣ ಹೆಸರು. ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವರ ದೊಡ್ಡ ಸೈಕಲ್‌ಗೆ 28 ಇಂಚಿನ ಚಕ್ರವಾದರೆ ಇದಕ್ಕೆ 20 ಇಂಚಿನದು. ಗೇರ್ ಒಂದೇ, ಸೀಟು ತೀರ ತಗ್ಗು, ಏಕೆಂದರೆ ಸವಾರ ಅದರ ಮೇಲೆ ಕೂರುವುದೇ ಅಪರೂಪ. ರೇಸ್‌ನಲ್ಲಿ ಎಂಟು ಮಂದಿ ಒಂದೇ ಗೇಟಿನಿಂದ ಇಳಿಜಾರಿಗೆ ಬಿದ್ದು, ದಿಬ್ಬ ತಿರುವುಗಳ ಮಣ್ಣಿನ ಹಾದಿಯನ್ನು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಸುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈ ರೇಸ್ ಸೇರ್ಪಡೆಯಾಯಿತು. ನೆಗೆದು ತಿರುಗುವ ಕೌಶಲದ ಫ್ರೀಸ್ಟೈಲ್, 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ. ಹೀಗೆ ಒಲಿಂಪಿಕ್ ಪದಕವಿರುವ ಆಟವೊಂದನ್ನು ಸರ್ಕಸ್ ಎಂದು ತಳ್ಳಿಹಾಕುವುದಾದರೆ ಜಿಮ್ನಾಸ್ಟಿಕ್ಸ್ ಪುಸ್ತಕಗಳನ್ನೂ ಕಪಾಟಿನಿಂದ ಇಳಿಸಬೇಕಾದೀತು.

ಇನ್ನು ಪತ್ರಿಕೆಯ ವಿಷಯ. ಹದಿಮೂರರಿಂದ ಹದಿನೇಳರ ವಯಸ್ಸಿನವರು ನಮ್ಮ ವಾಚನಾಲಯಕ್ಕೆ ಬರುವುದೇ ಪರೀಕ್ಷೆಯ ಗೈಡುಗಳಿಗಾಗಿ. ಮಕ್ಕಳ ಪತ್ರಿಕೆಗಳನ್ನು ಬಿಟ್ಟ ಹುಡುಗ ಸುಧಾ, ತರಂಗ ಹಿಡಿಯುವ ತನಕದ ಆ ನಾಲ್ಕೈದು ವರ್ಷಗಳಲ್ಲಿ ಅವನ ಕೈಗೆ ಕೊಡಲು ನಮ್ಮಲ್ಲಿ ಏನೂ ಇಲ್ಲ. ಇದು ಹತ್ತು ವರ್ಷಗಳಿಂದ ನಮ್ಮ ಪ್ರತಿ ವಾರ್ಷಿಕ ಸಭೆಯಲ್ಲೂ ಎದ್ದು, ಕಾಫಿ ಬಂದೊಡನೆ ಕೂತುಬಿಡುವ ಪ್ರಶ್ನೆ. ಹಾಗಾಗಿ ಸಂಚಿಕೆಗಳನ್ನು ನಾನೊಬ್ಬನೇ ಓದಿದರೆ ಸಾಲದೆಂದು ಒಂದು ಭಾನುವಾರ ಅವುಗಳನ್ನು ಓದುಮೇಜಿನ ಮೇಲೆ ಸುಮ್ಮನೆ ಹರಡಿ, ದೂರದಲ್ಲಿ ದಿನಪತ್ರಿಕೆ ಹಿಡಿದು ಕೂತೆ.

ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಕನ್ನಡ ಮಾಧ್ಯಮದವನು, ತಮ್ಮನನ್ನು ಕರೆದೊಯ್ಯಲು ಬಂದವನು, ನಿಂತುಕೊಂಡೇ ಪುಟ ತಿರುವತೊಡಗಿದ. ಬನ್ನಿ ಹಾಪ್ ಎಂಬ ನೆಗೆತವನ್ನು ಎಂಟು ಚಿತ್ರಗಳ ಸಾಲಿನಲ್ಲಿ ವಿವರಿಸುವ ಪುಟದಲ್ಲಿ ಅವನ ಕೈ ನಿಂತಿತು. ಸವಾರ ಮೊದಲು ಹ್ಯಾಂಡಲ್ ಎಳೆದು ಮೈಯನ್ನು ಹಿಂದಕ್ಕೆ ವಾಲಿಸುತ್ತಾನೆ, ಮುಂದಿನ ಚಕ್ರ ಏಳುತ್ತದೆ. ಆಮೇಲೆ ಹ್ಯಾಂಡಲನ್ನು ಮುಂದಕ್ಕೆ ತಳ್ಳುತ್ತಾನೆ, ಹಿಂದಿನ ಚಕ್ರವೂ ನೆಲ ಬಿಡುತ್ತದೆ. ಹುಡುಗ ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು ಮೂರು ಬಾರಿ ನೋಡಿ, ಕೊನೆಗೆ ನನ್ನತ್ತ ತಿರುಗಿ, “ಸಾರ್, ಹಿಂದಿನ ಚಕ್ರಾನ ಯಾರೂ ಎಳೀತಿಲ್ಲ, ಆದ್ರೂ ಏಳ್ತಾ ಇದೆಯಲ್ಲ, ಹೆಂಗೆ?” ಎಂದ. ಉತ್ತರ ಐದನೆಯ ಚಿತ್ರದ ಕೆಳಗಿನ ಇಂಗ್ಲಿಷ್ ಸಾಲಿನಲ್ಲಿತ್ತು. ಅದರಲ್ಲಿ ‘ಸ್ಕೂಪ್’ ಎಂಬ ಪದವಿತ್ತು. ನಿಘಂಟು ತೆಗೆಸಿದೆ. ಮೊಗೆ, ಬಾಚಿ ತೆಗೆ ಎಂದು ಅರ್ಥ ಸಿಕ್ಕಿತು. ಪಾದದಿಂದ ಪೆಡಲನ್ನು ಹಿಂದಕ್ಕೆ ಒತ್ತಿ, ನೀರು ಮೊಗೆದಂತೆ ಮೇಲಕ್ಕೆತ್ತಬೇಕು ಎಂಬುದು ಅವನಿಗೇ ಹೊಳೆದು, ಹವಾಯಿ ಚಪ್ಪಲಿಯ ಕಾಲನ್ನು ನೆಲದ ಮೇಲೆ ಹಾಗೆ ಎರಡು ಸಲ ಆಡಿಸಿ ನೋಡಿದ. ತಮ್ಮ ಅಷ್ಟರಲ್ಲಿ ಒಬ್ಬನೇ ಮನೆಗೆ ಹೋಗಿಬಿಟ್ಟಿದ್ದ. ಒಂದು ಇಂಗ್ಲಿಷ್ ವಾಕ್ಯವನ್ನು ಅಷ್ಟು ಛಲದಿಂದ ಬಿಡಿಸಿ ಓದಿದ ವಿದ್ಯಾರ್ಥಿ ನನ್ನ ಸೇವಾವಧಿಯಲ್ಲಿ ಎಷ್ಟು ಮಂದಿ ಸಿಕ್ಕಿದ್ದರೆಂದು ಬೆರಳು ಮಡಚಿ ಎಣಿಸಬಹುದು.

ದೋಷಗಳಿಲ್ಲವೆಂದಲ್ಲ. ರೇಸ್‌ಗೆ ಸಂಬಂಧಿಸಿದ ಪುಟಗಳಲ್ಲಿ ಎಲ್ಲರೂ ಮುಖ ಮುಚ್ಚುವ ಹೆಲ್ಮೆಟ್ ಧರಿಸಿದ್ದಾರೆ. ಬೀದಿ ಸವಾರಿಯ ಪುಟಗಳಲ್ಲಿ, ಮೆಟ್ಟಿಲ ಕಂಬಿಯ ಮೇಲೆ ಜಾರುವವರಲ್ಲಿಯೂ, ಹೆಚ್ಚಿನವರದು ಬರಿತಲೆ ಅಥವಾ ಟೋಪಿ. ಪತ್ರಲೇಖಕರು ಪತ್ರಿಕೆಯನ್ನು ತೆರೆದು ನೋಡಿದ್ದರೆ ಅವರ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇರೆ ಸಿಗುತ್ತಿರಲಿಲ್ಲ. ಬಿಡಿಭಾಗಗಳ ವಿಮರ್ಶೆಯನ್ನು ನಾನು ನಂಬುವುದಿಲ್ಲ; ಒಂದು ಪುಟದಲ್ಲಿ ಹೊಗಳಿಸಿಕೊಂಡ, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಎದುರಿನ ಪುಟದಲ್ಲೇ ಜಾಹೀರಾತಾಗಿ ನಿಂತಿರುತ್ತದೆ. ಎರಡು ಲೇಖನಗಳಲ್ಲಿ ಪೋಲಿ ಮಾತುಗಳಿವೆ, ನಮ್ಮ ಹುಡುಗರು ಗಲ್ಲಿ ಕ್ರಿಕೆಟ್ಟಿನಲ್ಲಿ ಆಡುವುದಕ್ಕಿಂತ ಹೆಚ್ಚಿನವೇನಲ್ಲ. ನನಗೆ ನಿಜಕ್ಕೂ ಬೇಸರ ತರಿಸಿದ್ದು ಹುಡುಗಿಯರ ಗೈರುಹಾಜರಿ: ಸವಾರಳೊಬ್ಬಳ ಚಿತ್ರ ಹುಡುಕಲು ಹಲವು ಸಂಚಿಕೆ ತಡಕಬೇಕಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದ ಚೀನಾದ ಡೆಂಗ್ ಯಾವೆನ್‌ಗೆ ಆಗ ಹದಿನೆಂಟೇ ವರ್ಷ. ಹಳೆಯ ಸಂಚಿಕೆಗಳಲ್ಲಿ ಅಂಥವರು ಬಂದಿಲ್ಲದಿರುವುದು ಸಹಜವಿರಬಹುದು, ಆದರೂ ಹೊಸ ಸಂಚಿಕೆಯೊಂದನ್ನು ನೋಡದೆ ಚಂದಾ ಕಟ್ಟಬಾರದೆಂದು ವರದಿಯಲ್ಲಿ ಬರೆದಿದ್ದೇನೆ.

ಹಣದ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮನೆ ಕಂದಾಯದ ಜೊತೆ ನಾವೆಲ್ಲ ಕಟ್ಟುವ ಶೇಕಡಾ 6ರ ಗ್ರಂಥಾಲಯ ಕರ ಸರ್ಕಾರಿ ಗ್ರಂಥಾಲಯಗಳದ್ದು, ಅದರ ಒಂದು ಪೈಸೆಯೂ ನಮಗೆ ಬರುವುದಿಲ್ಲ. ಈ ಚಂದಾ ಕಟ್ಟುವುದು ಸದಸ್ಯರ ವಂತಿಗೆಯಿಂದ. ವಿಮಾನ ಅಂಚೆಯ ವೆಚ್ಚ ಪತ್ರಿಕೆಯ ಬೆಲೆಗಿಂತ ಹೆಚ್ಚಾಗುವುದು ನಿಜ. ಇಂಥ ಪತ್ರಿಕೆಗಳಲ್ಲಿ ಹಲವು ಮುದ್ರಣ ನಿಲ್ಲಿಸಿರುವುದೂ ನಿಜವಾದ್ದರಿಂದ ಮೂರು ವರ್ಷದ ರಿಯಾಯಿತಿ ಚಂದಾ ಬೇಡ, ಒಂದೇ ವರ್ಷಕ್ಕೆ ಕಟ್ಟೋಣ ಎಂದು ಸೂಚಿಸಿದ್ದೇನೆ. ಮನೆಗೆ ಎರವಲು ಕೊಡದೆ ಮೇಜಿನ ಮೇಲೆಯೇ ಓದಲು ಇಡಬೇಕು. ಪ್ರತಿ ಸಂಚಿಕೆಯ ಹಿಂಬದಿಗೆ ಆ ಸಂಚಿಕೆಯ ಕಷ್ಟಪದಗಳ ಕನ್ನಡ ಅರ್ಥದ ಹಾಳೆಯೊಂದನ್ನು ಅಂಟಿಸಬೇಕು, ಅದನ್ನು ತಯಾರಿಸುವುದು ಓದುವ ಮಕ್ಕಳೇ. ಹೆಲ್ಮೆಟ್‌ನ ಬಗ್ಗೆ ಒಂದು ಚೀಟಿಯೂ ಜೊತೆಗಿರಲಿ.

ಪ್ರತಿ ಓದುಗನಿಗೆ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೆ ಅದರ ಓದುಗ ಎಂಬ ಸೂತ್ರಗಳನ್ನು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಬರೆದಿಟ್ಟರು. ಅವರ ಭಾವಚಿತ್ರ ನಮ್ಮ ವಾಚನಾಲಯದ ಗೋಡೆಯ ಮೇಲಿದೆ. ಅವರ ಜಯಂತಿಯೆಂದು ಆಗಸ್ಟ್ 12ರಂದು ಹಾರವನ್ನೂ ಹಾಕುತ್ತೇವೆ. ಆದರೆ ಪುಸ್ತಕ ಆಯ್ಕೆಯ ಸಭೆಯಲ್ಲಿ ಕೂರುವ ಏಳು ಮಂದಿಯಲ್ಲಿ ಅತಿ ಕಿರಿಯರಿಗೆ ಐವತ್ತೆರಡು. 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್‌ಗಳು ಬಂದಾಗ ನಮ್ಮ ಊರು ಸೈಕಲ್ಲಿನ ಊರಾಗಲಿ ಎಂದು ಇದೇ ಸಮಿತಿ ಅಭಿನಂದನಾ ನಿರ್ಣಯ ಬರೆದಿತ್ತು. ಈಗ ಮಕ್ಕಳು ಸೈಕಲ್ಲಿನ ಬಗ್ಗೆ ಓದುತ್ತೇವೆಂದರೆ ಅನುಮಾನ! ಹದಿಹರೆಯದ ಇಬ್ಬರನ್ನಾದರೂ ಆ ಸಭೆಗೆ ಕರೆಯಬೇಕೆಂಬುದು ನನ್ನ ವರದಿಯ ಮೊದಲ ಶಿಫಾರಸು, ಪತ್ರಿಕೆಯ ಚಂದಾ ಎರಡನೆಯದು.

ಸಮಿತಿ ಇನ್ನೂ ತೀರ್ಮಾನಿಸಿಲ್ಲ. ಮಾದರಿ ಸಂಚಿಕೆಗಳು ಈ ತಿಂಗಳ ಕೊನೆಯವರೆಗೂ ವಾಚನಾಲಯದ ಮೇಜಿನ ಮೇಲಿರುತ್ತವೆ. ಆಕ್ಷೇಪಿಸಿರುವ ಪತ್ರಲೇಖಕರು ಯಾವುದಾದರೂ ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬಂದು ನೋಡಬೇಕೆಂದು ವಿನಂತಿ. ಮೂರನೆಯ ಸಂಚಿಕೆಯ ನಡುವಿನ ಪೋಸ್ಟರ್ ಮಾತ್ರ ಅವರಿಗೆ ನೋಡಲು ಸಿಗಲಾರದು. ಅದನ್ನು ಮೊದಲ ವಾರವೇ ಯಾರೋ ಪಿನ್ ಬಿಚ್ಚಿ, ಒಂದಿಷ್ಟೂ ಹರಿಯದಂತೆ ತೆಗೆದುಕೊಂಡು ಹೋಗಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಕುವೆಂಪುನಗರ, ಮೈಸೂರು