ಹೊಲಿಗೆ ಬಿಚ್ಚದಂತೆ ಕಾಯ್ದವರಿಗೆ

ಮೊನ್ನೆ ಭಾನುವಾರ, ಒಂಬತ್ತು ತಿಂಗಳಾದ ಮೇಲೆ, ಕಾಲಿಗೆ ಗೆಜ್ಜೆ ಕಟ್ಟಿಕೊಂಡೆ. ನಮ್ಮ ಮಹಿಳಾ ಯಕ್ಷಗಾನ ತಂಡದ ಅಭ್ಯಾಸ ನಡೆಯುವ ಅದೇ ಚಾವಡಿ, ಅದೇ ಭಾಗವತರು. ಏಕತಾಳಕ್ಕೆ ನಿಂತಲ್ಲೇ ನಾಲ್ಕು ಹೆಜ್ಜೆ, ಆಮೇಲೆ ಎಡಕ್ಕೆ ಒಂದು ಸುತ್ತು. ಬಲ ಮಂಡಿ ಸುಮ್ಮನಿತ್ತು. ಗುರುಗಳು ತಾಳ ನಿಲ್ಲಿಸಿ, "ಸಾಕು, ಇವತ್ತಿಗೆ ಇಷ್ಟೇ" ಅಂದರು. ಮನೆಗೆ ಬಂದು ಗೆಜ್ಜೆ ಬಿಚ್ಚುವಾಗ ಅಳು ಬಂತು. ನಿಮಗೆಲ್ಲ ಒಬ್ಬೊಬ್ಬರಿಗೇ ಹೇಳುತ್ತಾ ಹೋದರೆ ಯಾರನ್ನಾದರೂ ಬಿಟ್ಟುಬಿಡುತ್ತೇನೆ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಏಪ್ರಿಲ್‌ನಲ್ಲಿ ಕುಂದಾಪುರದ ಹತ್ತಿರ ಒಂದು ದೇವಸ್ಥಾನದ ಬಯಲಿನಲ್ಲಿ ನಮ್ಮ ಆಟ ಇತ್ತು. ನನ್ನದು ಅಭಿಮನ್ಯು. ಬಡಗುತಿಟ್ಟಿನ, ಅಂದರೆ ನಮ್ಮ ಕಡೆಯ ಶೈಲಿಯ ಯಕ್ಷಗಾನದ, ಆಟ ನೋಡಿದವರಿಗೆ ಮಂಡಿ ಹಾಕುವುದು ಗೊತ್ತಿರುತ್ತದೆ. ಎರಡೂ ಮೊಣಕಾಲು ನೆಲಕ್ಕೆ ಊರಿ, ಚಂಡೆಯ ಪೆಟ್ಟಿಗೆ ಸರಿಯಾಗಿ ಗಿರ್ರನೆ ಸುತ್ತುವುದು. ಹನ್ನೆರಡು ವರ್ಷದಿಂದ ಹಾಕುತ್ತಿದ್ದೆ. ಆ ರಾತ್ರಿ ಮಂಡಿ ಮುಗಿಸಿ ಎದ್ದು ತಿರುಗುವಾಗ ಬಲಪಾದ ಹಲಗೆಯ ಸಂದಿಗೆ ಸಿಕ್ಕಿತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಒಳಗೆ ಟಕ್ ಅಂತ ಒಂದು ಸದ್ದು. ಮೊಣಕಾಲು ಅರ್ಧ ಮಡಚಿದಲ್ಲೇ ಗಟ್ಟಿಯಾಗಿ ನಿಂತುಬಿಟ್ಟಿತು. ಎಷ್ಟು ಪ್ರಯತ್ನ ಮಾಡಿದರೂ ಚಾಚಲು ಆಗಲೇ ಇಲ್ಲ.

ಮೊದಲ ಕೃತಜ್ಞತೆ ಆ ಎರಡು ನಿಮಿಷಕ್ಕೆ. ಚಂಡೆಯವರು ನನ್ನ ಮುಖ ನೋಡಿದವರೇ ಪೆಟ್ಟು ಇಳಿಸಿದರು. ಭಾಗವತರು ಪದ್ಯ ಮೊಟಕು ಮಾಡಿದರು. ದ್ರೋಣನ ವೇಷದಲ್ಲಿದ್ದ ಅಕ್ಕ, "ಬಾಲಕ, ಬಳಲಿದೆಯಾ?" ಅಂತ ಮಾತು ತೆಗೆದು, ನನ್ನ ತೋಳು ಹಿಡಿದು ಚೌಕಿಗೆ, ವೇಷ ಕಟ್ಟುವ ಬಣ್ಣದ ಮನೆಗೆ, ಕರೆದುಕೊಂಡು ಹೋದರು. ಮುಂದೆ ಕೂತ ಜನಕ್ಕೆ ಏನೂ ತಿಳಿಯಲಿಲ್ಲ. ಚೌಕಿಯಲ್ಲಿ ಕಿರೀಟ ಬಿಚ್ಚುವ ಮೊದಲೇ ಯಾರೋ ಐಸ್ ತಂದು ಮಂಡಿಯ ಮೇಲೆ ಇಟ್ಟಿದ್ದರು.

ಮೊದಲ ನಾಲ್ಕು ದಿನ ಎಣ್ಣೆ ಹಾಕಿ ಎಳೆಸುವುದರಲ್ಲಿ ಕಳೆದೆ. ಅದು ನಾನೇ ಮಾಡಿದ ತಪ್ಪು. ಹೀಗೆ ಮಂಡಿ ಲಾಕ್ ಆದರೆ ದಯವಿಟ್ಟು ಎಳೆಸಬೇಡಿ, ಸೀದಾ ಮೂಳೆ ಡಾಕ್ಟರ ಹತ್ತಿರ ಹೋಗಿ.

ಉಡುಪಿಯಲ್ಲಿ ಎಂಆರ್‌ಐ ಆಯಿತು. ಡಾಕ್ಟರು ಒಂದು ಕಾಗದ ತೆಗೆದುಕೊಂಡು ಚಿತ್ರ ಬರೆದರು. ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ ಅರ್ಧಚಂದ್ರದ ಹಾಗೆ ಎರಡು ಗಾದಿ. ಅದೇ ಮೆನಿಸ್ಕಸ್. ಕುಣಿದಾಗ, ಹಾರಿದಾಗ ಬೀಳುವ ಭಾರವನ್ನೆಲ್ಲ ಅದು ಹಂಚಿಕೊಳ್ಳುತ್ತದಂತೆ. ನನ್ನ ಒಳಮಗ್ಗುಲಿನ ಗಾದಿ ಉದ್ದಕ್ಕೆ ಹರಿದು, ಬಕೆಟ್ಟಿನ ಹಿಡಿ ಮಗುಚಿದ ಹಾಗೆ ಕೀಲಿನ ಮಧ್ಯಕ್ಕೆ ಬಂದು ಕೂತಿತ್ತು. "ಹರಿದ ತುಂಡು ಕತ್ತರಿಸಿ ತೆಗೆದರೆ ಕೆಲವೇ ವಾರದಲ್ಲಿ ಓಡಾಡಬಹುದು" ಅಂದರು. "ಹೊಲಿದರೆ ಆರು ವಾರ ಊರುಗೋಲು. ಆರು ತಿಂಗಳು ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ. ಆದರೆ ನಿಮ್ಮದು ಹರಿದಿರುವುದು ಹೊರ ಅಂಚಿನಲ್ಲಿ. ಅಲ್ಲಿಗೆ ರಕ್ತ ಬರುತ್ತದೆ, ಕೂಡಿಕೊಳ್ಳಬಹುದು. ನಾನಾದರೆ ಹೊಲಿಯುತ್ತೇನೆ."

ಸರ್, ಆ ಮಾತಿಗೆ ನಾನು ಋಣಿ. ಕತ್ತರಿಸುವುದು ನಿಮಗೂ ಸುಲಭವಿತ್ತು, ನನಗೂ. ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಇದರ ಬಗ್ಗೆ ಓದಿದೆ. ಎಡಿನ್‌ಬರೋದಲ್ಲಿ ಥಾಮಸ್ ಅನ್ನಂಡೇಲ್ ಎಂಬ ಸರ್ಜನ್ 1883ರಲ್ಲೇ ಒಬ್ಬ ಗಣಿ ಕೆಲಸಗಾರನ ಮಂಡಿಯ ಗಾದಿಯನ್ನು ಹೊಲಿದಿದ್ದರು. ಆದರೂ ಆಮೇಲೆ ಎಷ್ಟೋ ದಶಕ ಮಂಡಿ ಬಿಚ್ಚಿ ಇಡೀ ಗಾದಿಯನ್ನೇ ತೆಗೆದುಬಿಡುವುದು ರೂಢಿಯಾಗಿತ್ತು. ಹಾಗೆ ತೆಗೆದವರ ಮಂಡಿ ಮುಂದೆ ಸವೆಯುತ್ತದೆ ಅನ್ನುವುದನ್ನು 1948ರಲ್ಲಿ ಫೇರ್‌ಬ್ಯಾಂಕ್ ಎಂಬ ಡಾಕ್ಟರು ಎಕ್ಸ್‌ರೇಗಳಲ್ಲಿ ಗುರುತಿಸಿ ಬರೆದರು. ಸಣ್ಣ ತೂತಿನಲ್ಲಿ ನಳಿಗೆ ಇಳಿಸಿ ಹರಿದ ಮೆನಿಸ್ಕಸ್‌ಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಜಪಾನಿನ ಮಸಾಕಿ ವತನಾಬೆ 1962ರಲ್ಲಿ ಮಾಡಿ ತೋರಿಸಿದರು. ಇವರಿಗೆಲ್ಲ ನನ್ನ ನಮಸ್ಕಾರ ತಲುಪುವುದಿಲ್ಲ. ಆದರೂ ಬರೆದಿಡುತ್ತೇನೆ.

ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರಿಂದ ನನಗೆ ಎಚ್ಚರವಿತ್ತು. ಪರದೆಯ ಮೇಲೆ ನನ್ನದೇ ಮಂಡಿಯ ಒಳಗು ಕಾಣುತ್ತಿತ್ತು. ಬೊಂಡದ ಎಳೆ ತಿರುಳಿನ ಹಾಗೆ ಬಿಳಿ, ನಯ. ಹರಿದ ಅಂಚು ನೀರಿನಲ್ಲಿ ಅಲ್ಲಾಡುತ್ತಿತ್ತು. ಆ ಚಳಿಯ ಕೋಣೆಯಲ್ಲಿ ನನ್ನ ಹೆಗಲಿನ ಮೇಲೆ ಇನ್ನೊಂದು ಹೊದಿಕೆ ಎಳೆದು, ಹೊಲಿಗೆ ಮುಗಿಯುವವರೆಗೂ ಬೆರಳು ಹಿಡಿದುಕೊಂಡಿದ್ದ ನರ್ಸ್ ತಂಗಿ, ಮಾಸ್ಕ್ ಇದ್ದಿದ್ದರಿಂದ ನಿಮ್ಮ ಮುಖ ನೋಡಲಿಲ್ಲ. ನಿಮ್ಮ ಕೈ ಮರೆತಿಲ್ಲ.

ಹೊಲಿಯುವುದು ಗಂಟೆ, ಒಂದೂವರೆ ಗಂಟೆಯ ಕೆಲಸ. ಅದು ಬಿಚ್ಚದ ಹಾಗೆ ಕಾಯುವುದು ತಿಂಗಳುಗಟ್ಟಲೆ ಕೆಲಸ. ಅದನ್ನು ಮಾಡಿದವರು ನೀವು.

ಮನೆಯಿಂದ ಶುರುಮಾಡುತ್ತೇನೆ. ನಮ್ಮವರು ಆರು ವಾರ ಮಂಚದ ಪಕ್ಕ ಚಾಪೆ ಹಾಸಿ ಮಲಗಿದರು. ಪ್ರತಿ ಭಾನುವಾರ ಹೊಲಿಗೆ ಟೇಪು ಹಿಡಿದು ನನ್ನ ತೊಡೆ ಅಳೆದು ಕ್ಯಾಲೆಂಡರಿನಲ್ಲಿ ಬರೆದರು. ಎಡ 46 ಸೆಂಟಿಮೀಟರ್, ಬಲ 42. ಅಷ್ಟು ಬೇಗ ಸ್ನಾಯು ಕರಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅತ್ತೆಗೆ ಎಪ್ಪತ್ತೆರಡು ವರ್ಷ. ಅವರ ಮಂಡಿಯೇ ನೋವು. ಆದರೂ ಗಂಜಿ, ಚಟ್ನಿ, ಬಿಸಿನೀರು ಯಾವುದಕ್ಕೂ ನನ್ನನ್ನು ಏಳಲು ಬಿಡಲಿಲ್ಲ. ಐದನೇ ವಾರ ಒಮ್ಮೆ ಹಾಲು ಉಕ್ಕಿತು. ನಾನು ಊರುಗೋಲು ಬಿಟ್ಟು ಎರಡು ಹೆಜ್ಜೆ ಓಡಿದೆ. ಸಂಜೆಗೆ ಮಂಡಿ ಬಾತುಕೊಂಡಿತು. ಡಾಕ್ಟರು ನೋಡಿ ಹೊಲಿಗೆಗೆ ಏನೂ ಆಗಿಲ್ಲ ಅಂದರು. ಅವತ್ತು ರಾತ್ರಿ ಅತ್ತೆ ನನ್ನ ಹತ್ತಿರ ಬಂದು ಕೂತು, "ಹಾಲ್ ಹೋರೆ ಹೋಯ್ಲಿ ಮಗಾ, ನಿನ್ ಕಾಲ್ ಹೋಪುಕಾಗ" (ಹಾಲು ಹೋದರೆ ಹೋಗಲಿ, ನಿನ್ನ ಕಾಲು ಹೋಗಬಾರದು) ಅಂದರು. ಅಮ್ಮ ಹೋದ ಮೇಲೆ ನನಗೆ ಹಾಗೆ ಯಾರೂ ಹೇಳಿರಲಿಲ್ಲ.

ನನಗೆ ಕೊಟ್ಟ ಊರುಗೋಲು ಹೊಸದಲ್ಲ. ನಮ್ಮ ಊರಲ್ಲಿ ಮನೆಯಿಂದ ಮನೆಗೆ ಹೋಗುತ್ತಾ ಇರುತ್ತದೆ. ಕಂಕುಳಿಗೆ ತಾಗುವಲ್ಲಿ ಯಾರೋ ಹಳೆ ಹತ್ತಿ ಸೀರೆಯ ತುಂಡನ್ನು ಮೂರು ಪದರ ಸುತ್ತಿ, ದಬ್ಬಣದಲ್ಲಿ ಒತ್ತೊತ್ತಾಗಿ ಹೊಲಿದಿದ್ದರು. ಕೆಂಪು ಬಣ್ಣ ಹೋಗಿ ಇಟ್ಟಿಗೆ ಬಣ್ಣವಾಗಿತ್ತು. ಆ ಹೊಲಿಗೆ ಹಾಕಿದವರು ಇದನ್ನು ಓದಿದರೆ ತಿಳಿಸಿ. ಆರು ವಾರ ನನ್ನ ಚರ್ಮ ಕೆತ್ತದ ಹಾಗೆ ಕಾಪಾಡಿದ್ದು ನಿಮ್ಮ ಸೀರೆ.

ಫಿಸಿಯೋಥೆರಪಿಯ ಮೇಡಂ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಮೊದಲ ವಾರ ಅವರು ಟವೆಲ್ ಸುತ್ತಿ ನನ್ನ ಮಂಡಿಯ ಕೆಳಗಿಟ್ಟು, "ಇದನ್ನು ಕೆಳಗೆ ಒತ್ತಿ" ಅಂದರು. ಒತ್ತಿದೆ. ತೊಡೆ ಅಲ್ಲಾಡಲಿಲ್ಲ. ಮತ್ತೆ ಒತ್ತಿದೆ. ಇಪ್ಪತ್ತೈದು ವರ್ಷ ಕುಣಿದ ಕಾಲು, ನನ್ನ ಕಣ್ಣೆದುರು ಯಾರದ್ದೋ ಕಾಲಿನ ಹಾಗೆ ಬಿದ್ದಿತ್ತು. ಅವರು ಎರಡು ಬೆರಳಲ್ಲಿ ಮಂಡಿಚಿಪ್ಪಿನ ಮೇಲ್ಗಡೆ ತಟ್ಟುತ್ತಾ, "ಇಲ್ಲಿ, ಇಲ್ಲಿಗೆ ಮನಸ್ಸು ತನ್ನಿ" ಅನ್ನುತ್ತಿದ್ದರು. ಮೂರನೇ ದಿನ ಆ ಬೆರಳಿನ ಕೆಳಗೆ ಸಣ್ಣಗೆ ಏನೋ ನಡುಗಿತು. ಕೆರೆಯ ನೀರಿಗೆ ಎಲೆ ಬಿದ್ದರೆ ಆಗುವಷ್ಟು. ಅವರ ಮುಖ ಅರಳಿದ್ದು ನನಗಿಂತ ಮೊದಲು. ಹತ್ತು ಎಣಿಸಲು ನನಗೆ ಬೇಸರ ಅಂತ ತಿಳಿದ ಮೇಲೆ, "ನಿಮ್ಮ ತಾಳದಲ್ಲೇ ಎಣಿಸಿ" ಅಂದರು. ಈ ವಿಷಯ ಮದ್ದಳೆಯವರ ಕಿವಿಗೆ ಬಿತ್ತು. ಅವರು ನಿಧಾನ ಲಯದಲ್ಲಿ ನುಡಿಸಿ, ಮೂರು ನಿಮಿಷದ್ದು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರು. ಕಾಲು ಎತ್ತುವುದು, ಹಿಮ್ಮಡಿ ಜಾರಿಸುವುದು, ಎಲ್ಲ ಅದಕ್ಕೇ ಮಾಡಿದೆ. ತೊಂಬತ್ತು ಡಿಗ್ರಿ ದಾಟಿ ಮಡಚಲು ಅನುಮತಿ ಸಿಕ್ಕ ದಿನವೂ ಅದೇ ಮದ್ದಳೆ.

ನಾನು ಪಾಠ ಮಾಡುವ ಶಾಲೆಗೆ, ಅದು ಶುರುವಾಗಿ ಎರಡು ವಾರ ಕಳೆದ ಮೇಲೆ ಹೋದೆ. ಜೂನ್ ಮಳೆ, ಕೆಂಪುಕಲ್ಲಿನ ಮೆಟ್ಟಿಲು, ಮೇಲೆ ಪಾಚಿ. ಹೆಡ್‌ಮಾಸ್ಟರು ಮೊದಲೇ ನನ್ನ ಎಂಟನೇ ಕ್ಲಾಸನ್ನು ಮಹಡಿಯಿಂದ ಕೆಳಗೆ ತಂದಿದ್ದರು. ಮಕ್ಕಳು ಹಿಡಿಸೂಡಿಯಿಂದ ಪಾಚಿ ಉಜ್ಜಿ, ಮರಳು ಹಾಕಿ, ನಾನು ಮೆಟ್ಟಿಲು ಹತ್ತುವಾಗ ಎರಡೂ ಕಡೆ ಸಾಲಾಗಿ ನಿಂತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಬಸ್ಸಿನ ಕಂಡಕ್ಟರ್ ಅಣ್ಣ ನಾನು ಕೂತು ಊರುಗೋಲು ಒರಗಿಸುವವರೆಗೆ ರೈಟ್ ಹೇಳಲಿಲ್ಲ. ಒಂದು ದಿನವೂ ಅಲ್ಲ.

ಗುರುಗಳೇ, ನಿಮಗೆ ಏನು ಬರೆಯಲಿ? ನೀವು ನನ್ನನ್ನು ನೋಡಲು ಬಂದಾಗ ಜಗಲಿಯ ಎರಡು ಮೆಟ್ಟಿಲನ್ನು ಕಂಬ ಹಿಡಿದು ಹತ್ತಿದಿರಿ. ಮೇಳದಲ್ಲಿ ವರ್ಷಕ್ಕೆ ಆರು ತಿಂಗಳು, ರಾತ್ರಿಯಿಂದ ಬೆಳಗಿನವರೆಗೆ ಕುಣಿದ ಕಾಲುಗಳು. "ನಮ್ಮ ಕಾಲದಲ್ಲಿ ಮಂಡಿ ಹೋದರೆ ವೇಷವೂ ಹೋಯಿತು. ಎಣ್ಣೆ ಹಚ್ಚಿ ಮರುದಿನ ಮತ್ತೆ ಗೆಜ್ಜೆ ಕಟ್ಟುವುದು, ಅಷ್ಟೇ" ಅಂದಿರಿ. ನನಗೆ ಸಂಬಳವಿತ್ತು, ರಜೆ ಇತ್ತು, ಹೊಲಿಯುವ ಡಾಕ್ಟರು ಸಿಕ್ಕಿದರು. ನಿಮಗೆ ಇದ್ಯಾವುದೂ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವಸರ ಮಾಡಬೇಡ ಅಂತ ನೀವು ಪ್ರತಿ ವಾರ ಫೋನ್ ಮಾಡಿ ಹೇಳಿದ್ದು ನಿಮ್ಮ ಮಂಡಿಯ ಅನುಭವದಿಂದ ಅಂತ ನನಗೆ ಗೊತ್ತು.

ಮುಂದಿನ ಆಟದಲ್ಲಿ ನನ್ನದು ಸುಭದ್ರೆ. ಅಭಿಮನ್ಯು ಮಾಡುವುದು ನಮ್ಮ ತಂಡದ ಚಿಕ್ಕವಳು. ಮಳೆಗಾಲವಿಡೀ ನಮ್ಮ ಜಗಲಿಗೆ ಬಂದು, ನಾನು ಕುರ್ಚಿಯಲ್ಲಿ ಕೂತು ಹೇಳಿಕೊಟ್ಟಿದ್ದನ್ನು ಕಲಿತಳು. ಮಂಡಿ ಚೆನ್ನಾಗಿ ಹಾಕುತ್ತಾಳೆ. ಅವಳ ಮೊಣಕಾಲಿಗೆ ಕಟ್ಟುವ ಹತ್ತಿಯ ಪಟ್ಟಿ ನಾನು ಹೊಲಿದುಕೊಟ್ಟಿದ್ದೇನೆ. ಹಲಗೆಯ ಸಂದಿಗಳನ್ನು ಆ ದಿನ ಸಂಜೆ ನಾನೇ ನಿಂತು ನೋಡುತ್ತೇನೆ.

ಊರುಗೋಲು ಈಗ ನಮ್ಮ ಜಗಲಿಯಲ್ಲಿದೆ. ಹಳೆ ಬಟ್ಟೆಯ ಮೇಲೆ ಇನ್ನೊಂದು ಪದರ ಸುತ್ತಿದ್ದೇನೆ, ತುದಿಯ ರಬ್ಬರು ಹೊಸದು ಹಾಕಿಸಿದ್ದೇನೆ. ಯಾರಿಗಾದರೂ ಬೇಕಾದರೆ ಎಷ್ಟು ಹೊತ್ತಿಗಾದರೂ ಬಂದು ಬಾಗಿಲು ಬಡಿಯಿರಿ.