ವಾರ್ ಪಿಕ್ಚರ್ ಲಿಸ್ಟ್ ಕೇಳಿದ್ಯಲ್ಲ, ತಗೋ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾನು, ನಿನ್ ದೊಡ್ಡಮ್ಮ ಇಬ್ರೂ ಕ್ಷೇಮ, ಅವಳ ಮಂಡಿನೋವು ಹಾಗೇ ಇದೆ.

ಹೊಸ ಟಿವಿ ತಗೊಂಡಿದೀನಿ ಸೌಂಡ್‌ಬಾರೂ ಹಾಕ್ಸಿದೀನಿ, ನಿಮ್ ಕಾಲದ ವಾರ್ ಪಿಕ್ಚರ್ ಒಂದ್ ಹತ್ತು ಹೇಳಿ ದೊಡ್ಡಪ್ಪ ಅಂತ ಮೆಸೇಜ್ ಹಾಕಿದ್ಯಲ್ಲ, ಹತ್ತು ಹೇಳಲ್ಲ. ಹತ್ತು ಹೇಳಿದ್ರೆ ನೀನು ಒಂದನ್ನೂ ಪೂರ್ತಿ ನೋಡಲ್ಲ ಅಂತ ನಂಗೊತ್ತು, ಯುಗಾದಿಗೆ ಬಂದಾಗ ನೋಡಿದೀನಲ್ಲ, ತೊಡೆ ಮೇಲೆ ಲ್ಯಾಪ್‌ಟಾಪು, ಟಿವಿಲಿ ಪಿಕ್ಚರು 1.5 ಸ್ಪೀಡಲ್ಲಿ ಓಡ್ತಿತ್ತು, ಜನ ಮಾತಾಡೋದು ಗುಬ್ಬಚ್ಚಿ ಚಿಲಿಪಿಲಿ ಅಂದಂಗೆ ಕೇಳ್ತಿತ್ತು. ನಾಲ್ಕು ಹೇಳ್ತೀನಿ. ಕತೆ ಮುಂಚೇನೇ ಹೇಳ್ಬಿಟ್ರಿ ಅಂತ ಬೈಬೇಡ, ಅರವತ್ತು ವರ್ಷ ದಾಟಿದ ಪಿಕ್ಚರ್‌ಗಳು ಇವು.

ಮೊದ್ಲು 'ದಿ ಗ್ರೇಟ್ ಎಸ್ಕೇಪ್' ನೋಡು, 1963ರದ್ದು, ಸುಮ್ನೆ ಖುಷಿಗೆ. ಜರ್ಮನ್ನರ ಕ್ಯಾಂಪಿಂದ ಸುರಂಗ ಕೊರೆದು ಪೈಲಟ್‌ಗಳು ತಪ್ಪಿಸ್ಕೊಂಡ ಕತೆ. ಸ್ಟೀವ್ ಮೆಕ್ವೀನ್ ಬೈಕಲ್ಲಿ ಬೇಲಿ ಹಾರ್ತಾನೆ, ಅದನ್ನ ನೋಡಿ ನಾವು ಸೀಟಿ ಹೊಡೆದಿದ್ದೇ ಹೊಡೆದಿದ್ದು, ಆಮೇಲೆ ಗೊತ್ತಾಗಿದ್ದು ಹಾರಿದ್ದು ಅವನಲ್ಲ ಬಡ್ ಎಕಿನ್ಸ್ ಅನ್ನೋ ಇನ್ನೊಬ್ಬ, ಅಸಲಿಗೆ ಅಂಥ ಬೈಕ್ ಸಂಗತಿ ನಡೆದೇ ಇಲ್ಲ. ನಡೆದಿದ್ದು ಇನ್ನೂ ಚೆನ್ನಾಗಿದೆ. ಮರಳು ಮಣ್ಣು ಕುಸೀಬಾರ್ದು ಅಂತ ತಾವು ಮಲಗೋ ಮಂಚದ ಹಲಗೇನೇ ಕಿತ್ತು ಸುರಂಗಕ್ಕೆ ಕೊಟ್ರು, ಹಾಲಿನ ಪುಡಿ ಡಬ್ಬಿಗಳ ತಳ ತೆಗೆದು ಒಂದಕ್ಕೊಂದು ಜೋಡಿಸಿ ಒಳಗೆ ಗಾಳಿ ಹೋಗೋಕೆ ಪೈಪ್ ಮಾಡಿದ್ರು. ಟೂಲ್‌ರೂಮಲ್ಲಿ ಮೂವತ್ತು ವರ್ಷ ಕಳೆದವನಿಗೆ ಬೈಕ್‌ಗಿಂತ ಈ ಡಬ್ಬಿ ಪೈಪೇ ದೊಡ್ಡದು. 1944ರ ಮಾರ್ಚಲ್ಲಿ 76 ಜನ ಹೊರಗೆ ಬಂದ್ರು, ಊರು ಸೇರಿದ್ದು ಮೂರೇ ಜನ, ಸಿಕ್ಕಿಬಿದ್ದವರಲ್ಲಿ 50 ಜನರನ್ನ ಗುಂಡಿಟ್ಟು ಕೊಂದ್ರು. ಮ್ಯೂಸಿಕ್ ಅಷ್ಟು ಕುಣಿಸೋ ಹಾಗಿದೆ ಅಂತ ಇದನ್ನ ಮರೀಬೇಡ.

'ಪಾತ್ಸ್ ಆಫ್ ಗ್ಲೋರಿ' ಒಬ್ನೇ ಇದ್ದಾಗ ನೋಡು. 1957, ಸ್ಟ್ಯಾನ್ಲಿ ಕ್ಯೂಬ್ರಿಕ್ ತೆಗೆದಿದ್ದು, ಮೊದಲನೇ ಮಹಾಯುದ್ಧದ ಫ್ರೆಂಚ್ ಸೈನ್ಯದ ಕತೆ. ಆಗದೇ ಇರೋ ದಾಳಿಗೆ ಮೇಲಿನವ್ರು ಆರ್ಡರ್ ಮಾಡ್ತಾರೆ, ಆಗ್ಲಿಲ್ಲ ಅಂದಾಗ ಕೆಳಗಿನ ಮೂರು ಜನರನ್ನ ಹೇಡಿಗಳು ಅಂತ ನಿಲ್ಲಿಸಿ ಗುಂಡು ಹೊಡೆಸ್ತಾರೆ. ಫ್ರಾನ್ಸಲ್ಲಿ 1975ರವರೆಗೂ ತೆರೆ ಕಾಣಲಿಲ್ಲ. ನಿಮ್ಮ ಆಫೀಸಲ್ಲಿ ಪ್ರಾಜೆಕ್ಟ್ ಬಿದ್ದಾಗ ಯಾರ ತಲೆಗೆ ಬರುತ್ತೆ ಅಂತ ನೀನೇ ಒಂದ್ಸಲ ಫೋನಲ್ಲಿ ಕೂಗಾಡಿದ್ಯಲ್ಲ, ಅದಕ್ಕೇ ಹೇಳಿದೆ, ಇದರ ಬಗ್ಗೆ ಇಷ್ಟು ಸಾಕು.

ಈಗ ಮುಖ್ಯವಾದ್ದು. 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್'. ಇದೂ 1957ರದ್ದೇ, ಡೇವಿಡ್ ಲೀನ್ ತೆಗೆದಿದ್ದು, ಏಳು ಆಸ್ಕರ್ ಬಂತು. ಕತೆ ನಡೆಯೋದು ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಕೈದಿಗಳ ಕೈಲಿ ಬರ್ಮಾ ಸಯಾಂ (ಈಗಿನ ಥಾಯ್ಲೆಂಡ್) ರೈಲ್ವೆ ಹಾಕಿಸ್ತಿದ್ದ ಕಾಡಲ್ಲಿ, ಆದ್ರೆ ಶೂಟಿಂಗ್ ಆಗಿದ್ದು ನಮ್ ಪಕ್ಕದ ಸಿಲೋನಲ್ಲಿ, ಕಿತುಲ್ಗಲ ಅನ್ನೋ ಊರಿನ ಹತ್ರ, ಕೆಲಾನಿ ನದಿ ಮೇಲೆ. ಆ ಹಸಿರು, ಆ ಧಗೆ ನೋಡಿದ್ರೆ ಶರಾವತಿ ದಂಡೆ ಅನ್ಸುತ್ತೆ.

ನಾನು ಮೊದಲ ಸಲ ನೋಡಿದ್ದು 76ರಲ್ಲಿ, ಅಪ್ರೆಂಟಿಸ್ ಆಗಿದ್ದೆ, ಕಂಟೋನ್ಮೆಂಟ್ ಕಡೆ ಟಾಕೀಸಲ್ಲಿ ಹಳೇ ಇಂಗ್ಲಿಷ್ ಪಿಕ್ಚರ್ ಮಾರ್ನಿಂಗ್ ಶೋಗೆ ಹಾಕ್ತಿದ್ರು. ಇಂಗ್ಲಿಷ್ ಅರ್ಧಂಬರ್ಧ. ಕರ್ನಲ್ ನಿಕೋಲ್ಸನ್ ಅಂತ ಒಬ್ಬ, ಅಲೆಕ್ ಗಿನ್ನಿಸ್ ಮಾಡಿರೋದು, ಜಪಾನಿಯರ ಕೈದಿ. ನಮ್ಮ ಆಫೀಸರ್‌ಗಳು ಕೂಲಿ ಕೆಲಸ ಮಾಡಲ್ಲ, ರೂಲ್ಸಲ್ಲಿಲ್ಲ ಅಂತ ಹಠ ಹಿಡೀತಾನೆ, ತಗಡಿನ ಗೂಡಲ್ಲಿ ಹಾಕಿ ಬೇಯಿಸ್ತಾರೆ, ಬಗ್ಗಲ್ಲ. ಕೊನೆಗೆ ಗೆಲ್ತಾನೆ. ನಾನು ಚಪ್ಪಾಳೆ. ಆಮೇಲೆ ಸುಮ್ನಿರೋ ಬದ್ಲು ನನ್ನ ಹುಡುಗರು ಬೇಕಾಬಿಟ್ಟಿ ಕೆಲಸ ಮಾಡ್ತಿದಾರೆ, ಸೋಮಾರಿಗಳಾಗಿ ಹಾಳಾಗ್ತಾರೆ, ಮಾಡೋದಾದ್ರೆ ಭೇಷ್ ಅನ್ನೋ ಹಾಗೆ ಸೇತುವೆ ಕಟ್ಟೋಣ ಅಂತ ಶತ್ರುಗೆ ತಾನೇ ಪ್ಲಾನ್ ಹಾಕ್ಕೊಡ್ತಾನೆ, ಜಾಗ ಬದಲಾಯಿಸ್ತಾನೆ, ಟೈಮಿಗೆ ಮುಗೀಬೇಕು ಅಂತ ಆಸ್ಪತ್ರೇಲಿ ಮಲಗಿದ್ದವರನ್ನೂ ಎಬ್ಬಿಸ್ಕೊಂಡು ಬರ್ತಾನೆ. ಇದನ್ನ ಕಟ್ಟಿದ್ದು ಬ್ರಿಟಿಷ್ ಸೈನಿಕರು ಅಂತ ಬೋರ್ಡ್ ಬೇರೆ! ಆ ಸೇತುವೆ ಮೇಲೆ ಯಾರ ಫೌಜು ಹೋಗುತ್ತೆ ಅನ್ನೋದೇ ಅವನ ತಲೇಲಿಲ್ಲ. ಕೆಲಸ ಕೆಟ್ಟದಾಗಿ ಮಾಡಿದ್ದಿದ್ರೆ ಅವನು ಒಳ್ಳೆಯವನಾಗಿ ಉಳೀತಿದ್ದ ನೋಡು.

ಒಂದು ಸೀನ್ ಇದೆ. ಸೇತುವೆ ಮುಗಿದಿದೆ, ಸಂಜೆ, ಕಟಾಂಜನ ಹಿಡ್ಕೊಂಡು ನಿಂತಿದಾನೆ. ಸರ್ವಿಸ್ ಸೇರಿ 28 ವರ್ಷ ಆಯ್ತು, ಅಷ್ಟರಲ್ಲಿ ಮನೇಲಿದ್ದಿದ್ದು ಎಲ್ಲಾ ಸೇರಿ ಹತ್ತು ತಿಂಗಳೂ ಇರ್ಲಿಕ್ಕಿಲ್ಲ ಅಂತ ಶತ್ರು ಆಫೀಸರ್ ಎದುರು ಮೆತ್ತಗೆ ಹೇಳ್ತಾನೆ. ಅಷ್ಟರಲ್ಲಿ ಕೈಲಿದ್ದ ಕೋಲು ಜಾರಿ ನದಿಗೆ ಬೀಳುತ್ತೆ. ಇಪ್ಪತ್ತನೇ ವಯಸ್ಸಲ್ಲಿ ನಂಗೆ ಆ ಸೀನ್ ಬೋರು, ಯಾವಾಗ ಸೇತುವೆ ಸಿಡಿಯುತ್ತೆ ಅಂತ ಕಾಯ್ತಿದ್ದೆ ಅಷ್ಟೆ. ಈಗ ನೋಡಿದ್ರೆ ಅಲ್ಲೇ ಆಫ್ ಮಾಡ್ಬಿಡ್ತೀನಿ.

ಇದೂ ಕತೆ, ಅದು ನೆನಪಿರ್ಲಿ. ಅಲ್ಲಿ ನಿಜವಾಗಿ ಇದ್ದ ಕರ್ನಲ್ ಫಿಲಿಪ್ ಟೂಸಿ ಇಂಥವರಾಗಿರ್ಲಿಲ್ಲ, ಆ ಕ್ಯಾಂಪುಗಳಿಂದ ಬದುಕಿ ಬಂದ ಸೈನಿಕರಿಗೆ ಪಿಕ್ಚರ್ ನೋಡಿ ಕೋಪ ಬಂದಿತ್ತು. ಇನ್ನೊಂದು, ಆ ರೈಲ್ವೆ ಕೆಲಸದಲ್ಲಿ ಬಿಳಿ ಸೈನಿಕರಿಗಿಂತ ಎಷ್ಟೋ ಪಟ್ಟು ಜಾಸ್ತಿ ಸತ್ತಿದ್ದು ಏಷ್ಯಾದ ಕೂಲಿಗಳು, ಅದರಲ್ಲಿ ಮಲಯಾದ ರಬ್ಬರ್ ತೋಟಗಳಿಂದ ಎಳ್ಕೊಂಡು ಹೋದ ತಮಿಳರು ಬೇಕಾದಷ್ಟು. ಪಿಕ್ಚರಲ್ಲಿ ಅವರ ಸುದ್ದೀನೇ ಇಲ್ಲ.

83ರಲ್ಲಿ ನಿಮ್ಮಜ್ಜಿ ಒಂದು ಇನ್‌ಲ್ಯಾಂಡ್ ಲೆಟರ್ ಬರೆದಿದ್ಲು. ಮಂಗಗಳು ಹಾರಿ ಅಡುಗೆಮನೆ ಮೇಲಿನ ಹೆಂಚು ಜಾರಿದೆ, ಮಳೆ ಹಿಡಿಯೋದ್ರೊಳಗೆ ಎರಡು ದಿನ ಬಂದು ಹೋಗು, ಆಳುಗಳು ಮನೇಲಿ ಗಂಡಸರಿಲ್ದೆ ಬರಲ್ಲ ಅಂತಾರೆ. ನಿಮ್ಮಪ್ಪ ಆಗ ಧಾರವಾಡದಲ್ಲಿ ಓದ್ತಿದ್ದ. ನಮ್ ಫ್ಯಾಕ್ಟ್ರೀಲಿ ಒಂದು ಅರ್ಜೆಂಟ್ ಫಿಕ್ಸ್ಚರ್ ಬಂದಿತ್ತು, ನಾನು ಬಿಟ್ರೆ ಆಗಲ್ಲ ಅಂತ ಅವ್ರೂ ಹೇಳ್ಲಿಲ್ಲ, ನಾನೇ ಅಂದ್ಕೊಂಡೆ. ಡಬಲ್ ಶಿಫ್ಟು. ಎಂಥಾ ಫಿನಿಶಿಂಗ್ ಅಂತೀಯ, ಕೂದಲಷ್ಟು ವ್ಯತ್ಯಾಸ ಇಲ್ಲ, ಎಲ್ಲಾರ ಎದುರು ಮೆಚ್ಕೊಂಡು ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್ ಕೊಟ್ರು. ಊರಿಗೆ ಹೋಗಿದ್ದು ದಸರಾಕ್ಕೆ. ಮಳೆಗಾಲ ಪೂರ್ತಿ ಅವಳು ಸೋರೋ ಕಡೆ ಎಲ್ಲಾ ತಪ್ಪಲೆ, ಕೊಡಪಾನ ಇಟ್ಕೊಂಡು ಜಗಲೀಲಿ ಒಲೆ ಹೂಡಿದ್ಲು. ಬೈಲಿಲ್ಲ. "ಬಾವಿಂದ ನೀರು ಸೇದೋ ಕೆಲಸ ತಪ್ತು ಬಿಡೋ" ಅಂದ್ಲು.

ಅದಾಗಿ ಎರಡು ವರ್ಷಕ್ಕೆ ಫಿಲ್ಮ್ ಸೊಸೈಟಿಯವ್ರು ಒಂದು ರಷ್ಯನ್ ಪಿಕ್ಚರ್ ತೋರಿಸಿದ್ರು. 'ಬ್ಯಾಲಡ್ ಆಫ್ ಎ ಸೋಲ್ಜರ್', 1959, ಎರಡನೇ ಮಹಾಯುದ್ಧದ್ದೇ ಕತೆ, ತೆಗೆದ ಚುಖ್ರಾಯ್ ಕೂಡ ಅದೇ ಯುದ್ಧದಲ್ಲಿ ಹೋರಾಡಿದವನು. ಅಲ್ಯೋಶಾ ಅಂತ 19 ವರ್ಷದ ಹುಡುಗ ಭಯ ಬಿದ್ದು ಓಡ್ತಾ ಓಡ್ತಾನೇ ಎರಡು ಟ್ಯಾಂಕ್ ಹೊಡೀತಾನೆ, ಜನರಲ್ ಮೆಡಲ್ ಕೊಡ್ತೀನಿ ಅಂದ್ರೆ ಮೆಡಲ್ ಬೇಡ ರಜ ಕೊಡಿ, ಅಮ್ಮ ಕಾಗದ ಬರೆದಿದಾಳೆ, ಸೂರು ಸೋರ್ತಿದೆಯಂತೆ, ರಿಪೇರಿ ಮಾಡಿ ಬರ್ತೀನಿ ಅಂತಾನೆ. ಆ ಮಾತು ಕೇಳಿದಾಗ ನಾನು ಕತ್ತಲಲ್ಲಿ ಕನ್ನಡಕ ತೆಗೆದು ಒರೆಸ್ಕೊಂಡೆ, ಪಕ್ಕದವ್ನು ಯಾಕೆ ಅಂದ, ಧೂಳು ಅಂದೆ. ಆರು ದಿನ ರಜ ಸಿಗುತ್ತೆ. ದಾರೀಲಿ ಕಾಲು ಕಳ್ಕೊಂಡವನಿಗೆ ಜೊತೆಯಾಗ್ತಾನೆ, ಯಾರೋ ಸೈನಿಕ ಹೆಂಡ್ತಿಗೆ ಕೊಡು ಅಂತ ಕೊಟ್ಟ ಎರಡು ಸೋಪು ಹಿಡ್ಕೊಂಡು ಅಲೀತಾನೆ, ಅವಳು ಬೇರೆಯವನ ಜೊತೆ ಇರೋದು ನೋಡಿ ಮೆಟ್ಲಿಳಿದವನು ವಾಪಸ್ ಹತ್ತಿ ಸೋಪು ಕಿತ್ಕೊಂಡು ಬಂದು ಆ ಸೈನಿಕನ ಅಪ್ಪನಿಗೆ ಕೊಡ್ತಾನೆ. ಹೀಗೇ ದಿನ ಎಲ್ಲಾ ಖರ್ಚಾಗಿ ಅಮ್ಮನ ಹತ್ರ ನಿಲ್ಲಕ್ಕೆ ಸಿಗೋದು ಕೆಲವೇ ನಿಮಿಷ, ಲಾರಿಯವನು ಹಾರ್ನ್ ಹೊಡೀತಾನೆ. ಸೂರು ಹಾಗೇ ಉಳೀತು. ಅವನು ತಿರುಗಿ ಬರಲ್ಲ ಅಂತ ಪಿಕ್ಚರ್ ಶುರುವಲ್ಲೇ ಹೇಳ್ಬಿಟ್ಟಿರ್ತಾರೆ. ಒಂದೂವರೆ ಗಂಟೆ ಅಷ್ಟೆ, ಸ್ಪೀಡ್ ಮುಟ್ಬೇಡ ದಯವಿಟ್ಟು.

ಈಗ ವಿಷಯಕ್ಕೆ ಬರ್ತೀನಿ. ಶನಿವಾರ ನಿಮ್ಮಮ್ಮ ಫೋನ್ ಮಾಡಿದ್ಲು. ಅದೇ ಅಡುಗೆಮನೆ, ಅದೇ ಮಂಗ. ನಿಂಗೆ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆಯಂತೆ, ತೊಂದ್ರೆ ಕೊಡೋದು ಬೇಡ ಅಂತ ನಿಮ್ಮಪ್ಪ ತಾನೇ ಏಣಿ ಹತ್ತಿದಾನೆ, ಅರವತ್ತು ದಾಟಿದೆ, ಬಿಪಿ ಮಾತ್ರೆ ತಗೊಳೋನು. ನೀನು ಕೆಲಸ ಚೆನ್ನಾಗಿ ಮಾಡ್ತೀಯ, ನಿಮ್ ಟೀಮಿಗೆ ನೀನೇ ಆಧಾರ, ಎಲ್ಲಾ ಒಪ್ಕೋತೀನಿ, ನಂಗೂ ಒಂದು ಟಿಫಿನ್ ಕ್ಯಾರಿಯರ್ ಸಿಕ್ಕಿತ್ತು. ಗುರುವಾರ ರಾತ್ರಿ ತಾಳಗುಪ್ಪ ಟ್ರೇನ್ ಹತ್ತು, ಶುಕ್ರವಾರ ಬೆಳಿಗ್ಗೆ ಸಾಗರದಲ್ಲಿರ್ತೀಯ. ಹೊಸ ಹೆಂಚಿಗೆ ಆರ್ಡರ್ ಮಾಡ್ಬೇಡ, ಹಳೇ ಹೆಂಚಿನ ಕಚ್ಚಿಗೆ ಹೊಸದು ಕೂರಲ್ಲ, ಮಧ್ಯೆ ಸಂದು ಬಿಟ್ಟು ಮತ್ತೆ ಸೋರುತ್ತೆ. ನಮ್ದಕ್ಕೆ ಹಿಂದುಗಡೆ ಯಾವ ಛಾಪು ಇದೆ ಅಂತ ಒಂದನ್ನ ತಿರುಗಿಸಿ ಫೋಟೋ ತೆಗ್ದು ನಂಗೆ ಕಳ್ಸು, ಹಳೇ ಮನೆ ಕೆಡವಿದವ್ರ ಹತ್ರ ಅದೇ ಛಾಪಿಂದು ಒಂದೈವತ್ತು ಇದ್ಯಾ ಅಂತ ನಾನಿಲ್ಲಿಂದ ಫೋನ್ ಮಾಡಿ ವಿಚಾರಿಸ್ತೀನಿ. ಏಣಿಗೆ ಅಪ್ಪ ಕೈ ಹಿಡ್ಕೊಳ್ಲಿ, ಹತ್ತೋದು ನೀನು.

ಇಂತಿ,
ನಿನ್ನ ದೊಡ್ಡಪ್ಪ